ಪಿಎಂಡಿ (ಯಾವ ಚಲನೆ ಎಂದು ಆರಿಸುವ ಮೆದುಳಿನ ಭಾಗ) ಮೇಲೆ ಟಿಎಂಎಸ್ (ತಲೆಯ ಹೊರಗಿನಿಂದ ಕಾಯಿಲ್ ಹಿಡಿದು ಕೊಡುವ ಕಾಂತೀಯ ಪಲ್ಸ್) ಕೊಟ್ಟರೆ ಬೆರಳು ನಿಧಾನವಾಗುವ ಬದಲು ಚುರುಕಾಗುತ್ತಿದೆ, ಯಾಕೆ?

ಪ್ರಶ್ನೆ (ಮೈಸೂರು):
ಪರದೆಯಲ್ಲಿ ಎಡ ಅಥವಾ ಬಲ ಬಾಣ, 900 ಮಿಲಿಸೆಕೆಂಡ್ ಬಿಟ್ಟು ‘ಒತ್ತಿ’ ಸಂಕೇತ. ಬಲಗೈಯ ತೋರುಬೆರಳೋ ನಡುಬೆರಳೋ ಒತ್ತಬೇಕು. ಸಂಕೇತವಾದ 140 ಮಿಲಿಸೆಕೆಂಡಿಗೆ ಎಡ ಪಿಎಂಡಿ ಮೇಲೆ ಒಂದೇ ಪಲ್ಸ್, 70 ಮಿ.ಮೀ. ಎಂಟರಾಕೃತಿಯ ಕಾಯಿಲ್, ರೆಸ್ಟಿಂಗ್ ಥ್ರೆಶೋಲ್ಡ್‌ನ (ಸಡಿಲವಾಗಿರುವ ಸ್ನಾಯು ಮಿಡಿಯಲು ಬೇಕಾದ ಕನಿಷ್ಠ ತೀವ್ರತೆಯ) 110%. ಪಲ್ಸ್ ಇದ್ದಾಗಲೇ ಉತ್ತರ ಬೇಗ ಬರುತ್ತಿದೆ. ಕಾಯಿಲ್ ಜಾಗ ತಪ್ಪಿದೆಯೇ?

ಉತ್ತರ (ಮಂಡ್ಯ):
ಸರ್, ಜಾಗ ಆಮೇಲೆ, ಮೊದಲು ಸಮಯ ನೋಡಿ. 1998ರಲ್ಲಿ ಇಂಥದೇ ಪಲ್ಸ್‌ನಿಂದ ಉತ್ತರ ನಿಧಾನವಾಗುವುದನ್ನು ತೋರಿಸಿದ ಶ್ಲೂಟರ್ ತಂಡ 140 ಮಿಲಿಸೆಕೆಂಡನ್ನು ಎಣಿಸಿದ್ದು ಯಾವ ಬೆರಳು ಎಂದು ತಿಳಿಸುವ ಚಿತ್ರದಿಂದ. ನಿಮ್ಮಲ್ಲಿ ಆ 900 ಮಿಲಿಸೆಕೆಂಡಿನಲ್ಲೇ ಬೆರಳಿನ ಆಯ್ಕೆ ಮುಗಿದಿರುತ್ತದೆ; ಪಲ್ಸ್ ಕೆಡಿಸಲು ಏನೂ ಉಳಿದಿಲ್ಲ. ಬಾಣವಾದ 140ಕ್ಕೆ ಪಲ್ಸ್ ಸರಿಸಿದರೂ ಸಾಲದು, ಉಳಿದ ಅವಧಿಯಲ್ಲಿ ಮೆದುಳು ಸುಧಾರಿಸಿಕೊಳ್ಳುತ್ತದೆ. ಕಾಯುವ ಅವಧಿಯನ್ನೇ ತೆಗೆದುಹಾಕಿ, ಬಾಣ ಕಂಡ ಕೂಡಲೇ ಒತ್ತಲಿ.

ಇನ್ನು ಚುರುಕಾಗುವುದು ಕಾಯಿಲ್‌ನ ‘ಟಕ್’ ಸದ್ದಿನಿಂದ, ನೆತ್ತಿಗೆ ಬಡಿಯುವ ಸ್ಪರ್ಶದಿಂದ. ಅದು ಎರಡನೇ ಸಂಕೇತದಂತೆ ಕೆಲಸ ಮಾಡುತ್ತದೆ. ಪಲ್ಸ್ ಇಲ್ಲದ ಸರದಿಗಳ ಜೊತೆ ಹೋಲಿಸಲೇಬಾರದು. ನಡುನೆತ್ತಿಗೆ, ಅಂದರೆ ಸಿಝಡ್‌ಗೆ, ಅದೇ ಸಮಯಕ್ಕೆ ಅದೇ ತೀವ್ರತೆಯ ಪಲ್ಸ್ ಕೊಟ್ಟು ಅದರೊಂದಿಗೆ ಹೋಲಿಸಿ. ಇಯರ್‌ಪ್ಲಗ್ ಹೇಗೂ ಬೇಕು, ಆದರೆ ಮೂಳೆಯ ಮೂಲಕ ಬರುವ ಸದ್ದನ್ನು ಅದು ತಡೆಯದು.

ಪ್ರಶ್ನೆ (ಮೈಸೂರು):
ಪಿಎಂಡಿ ಪಲ್ಸ್‌ಗೆ ತೋರುಬೆರಳಿನ ಸ್ನಾಯುವಿನಲ್ಲಿ ಎಂಇಪಿಯೂ (ಪಲ್ಸ್‌ಗೆ ಸ್ನಾಯು ಮಿಡಿದ ವಿದ್ಯುತ್ ಗುರುತು) ಕಾಣುತ್ತಿದೆಯಲ್ಲ ಮೇಡಂ?

ಉತ್ತರ (ಮಂಡ್ಯ):
ಹಾಗಿದ್ದರೆ ವಿದ್ಯುತ್ ಹಿಂದಿನ ಎಂ1ಗೆ (ಸ್ನಾಯುಗಳಿಗೆ ನೇರ ಆಜ್ಞೆ ಕಳಿಸುವ ಪ್ರದೇಶಕ್ಕೆ) ಹರಡುತ್ತಿದೆ; ಫಲಿತಾಂಶ ಯಾವ ಪ್ರದೇಶದ್ದೆಂದು ಹೇಳಲಾಗದು. ಕಾಯಿಲ್ ಹಿಡಿ ಹಿಂದಕ್ಕೆ, ನಡುಗೆರೆಗೆ 45 ಡಿಗ್ರಿ ಓರೆಯಾಗಿರಲಿ. ಮೊದಲು ಎಂ1 ಹಾಟ್‌ಸ್ಪಾಟ್ (ಬೆರಳು ಅತಿ ಸುಲಭವಾಗಿ ಮಿಡಿಯುವ ಜಾಗ) ಹುಡುಕಿ, 10ರಲ್ಲಿ 5 ಸಲ ಎಂಇಪಿ 50 ಮೈಕ್ರೋವೋಲ್ಟ್ ದಾಟುವ ಕನಿಷ್ಠ ತೀವ್ರತೆಯನ್ನು ಥ್ರೆಶೋಲ್ಡ್ ಎಂದಿಟ್ಟುಕೊಳ್ಳಿ. ಅಲ್ಲಿಂದ 2ರಿಂದ 2.5 ಸೆಂ.ಮೀ. ಮುಂದಕ್ಕೆ ಪಿಎಂಡಿ. ಎಂಆರ್‌ಐ ನೋಡಿಕೊಂಡು ಜಾಗ ಗುರುತಿಸಿದರೆ ಇನ್ನೂ ಖಚಿತ. ಎಂಇಪಿ ನಿಲ್ಲುವವರೆಗೆ ತೀವ್ರತೆ ಇಳಿಸಿ. ಇಳಿಸಿದಷ್ಟೂ ಪಿಎಂಡಿಗೆ ಆಗುವ ಅಡ್ಡಿಯೂ ತಗ್ಗುವುದರಿಂದ, ಕಡಿಮೆ ಹರಡುವ ಸಣ್ಣ ಕಾಯಿಲ್ ಸಿಕ್ಕರೆ ಅದನ್ನೇ ಬಳಸಿ.

ಇಎಂಜಿಯಲ್ಲಿ (ಸ್ನಾಯುವಿನ ವಿದ್ಯುತ್ ದಾಖಲೆಯಲ್ಲಿ) ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟಿದರೆ ನಾಚ್ ಫಿಲ್ಟರ್ (ಆ ಒಂದು ಆವರ್ತನವನ್ನಷ್ಟೇ ಅಳಿಸುವ ಶೋಧಕ) ಹಾಕಬೇಡಿ. ಹಾಕಿದರೆ ಪಲ್ಸ್‌ನ ಆರ್ಟಿಫ್ಯಾಕ್ಟ್ (ಕಾಯಿಲ್‌ನಿಂದ ದಾಖಲೆಯಲ್ಲಿ ಮೂಡುವ ಸುಳ್ಳು ಗುರುತು) ಉದ್ದಕ್ಕೆ ಎಳೆದು ಎಂಇಪಿ ಮೇಲೆ ಬೀಳುತ್ತದೆ. ಚರ್ಮ ಚೆನ್ನಾಗಿ ಉಜ್ಜಿ ಒರೆಸಿ, ಗ್ರೌಂಡ್ ಎಲೆಕ್ಟ್ರೋಡ್ ಮಣಿಕಟ್ಟಿನ ಮೂಳೆ ಮೇಲೆ ಅಂಟಿಸಿ, ವೈರ್‌ಗಳನ್ನು ಹೊಸೆದು ಕಟ್ಟಿ.

ಇನ್ನೊಬ್ಬರು (ಮೈಸೂರು):
ಸ್ವಯಂಸೇವಕರ ಪ್ರಶ್ನಾವಳಿಯಲ್ಲಿ ಮೂರ್ಛೆರೋಗ, ಪೇಸ್‌ಮೇಕರ್, ತಲೆಯೊಳಗಿನ ಲೋಹದ ಜೊತೆ ಕಾಕ್ಲಿಯರ್ ಇಂಪ್ಲಾಂಟನ್ನೂ ಬಿಡದೆ ಕೇಳಿ. ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇರುವುದರಿಂದ ಅಂಥವರು ಬರುವ ಸಾಧ್ಯತೆ ಇಲ್ಲಿ ಹೆಚ್ಚು. ಇಂಪ್ಲಾಂಟ್ ಇದ್ದವರ ತಲೆ ಹತ್ತಿರ ಕಾಯಿಲ್ ತರಲೇಕೂಡದು.