ಸಹಾಯ ಬೇಕು: 'ಬಿಯಾಂಡ್ ದ ರಾಕ್ಸ್' ಮೂಕಿಚಿತ್ರದ ಪ್ರದರ್ಶನ
ಎಲ್ಲ ಸದಸ್ಯರಿಗೆ ನಮಸ್ಕಾರ. ಗ್ಲೋರಿಯಾ ಸ್ವಾನ್ಸನ್ ಮತ್ತು ರುಡಾಲ್ಫ್ ವ್ಯಾಲೆಂಟಿನೊ ಜೊತೆಯಾಗಿ ನಟಿಸಿದ ಏಕೈಕ ಚಿತ್ರವಾದ 'ಬಿಯಾಂಡ್ ದ ರಾಕ್ಸ್' (1922) ಅನ್ನು ನಮ್ಮ ಚಿತ್ರಸಮಾಜದಲ್ಲಿ ತೋರಿಸಬೇಕೆಂದಿದ್ದೇವೆ. ದಶಕಗಳ ಕಾಲ ನಾಶವಾಗಿದೆ ಎಂದೇ ನಂಬಲಾಗಿದ್ದ ಈ ಅಮೆರಿಕನ್ ಮೂಕಿಚಿತ್ರದ ನೈಟ್ರೇಟ್ (ಬೇಗ ಹಾಳಾಗುವ ಹಳೆಯ ಬಗೆಯ ಫಿಲ್ಮ್) ಪ್ರತಿಯು, ನೆದರ್ಲ್ಯಾಂಡ್ಸ್‌ನ ಸಂಗ್ರಾಹಕರೊಬ್ಬರು ಬಿಟ್ಟುಹೋದ ಡಬ್ಬಿಗಳ ರಾಶಿಯಲ್ಲಿ ಬಿಡಿಬಿಡಿ ಸುರುಳಿಗಳಾಗಿ ದೊರೆತು, ಅಲ್ಲಿನ ಫಿಲ್ಮ್ ಮ್ಯೂಸಿಯಂನ ಶ್ರಮದಿಂದ 2005ರಲ್ಲಿ ಮತ್ತೆ ತೆರೆಗೆ ಬಂತು. ವಯಸ್ಸಾದ ಶ್ರೀಮಂತನ ಕೈಹಿಡಿದ ಯುವತಿ ಮತ್ತೊಬ್ಬನನ್ನು ಪ್ರೀತಿಸುವ ಕಥೆಯಲ್ಲಿ ಹೊಸತೇನೂ ಇಲ್ಲವಾದರೂ, ಸ್ವಾನ್ಸನ್ ಅವರ ಅಭಿನಯಕ್ಕಾಗಿಯೇ ಇದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಆ ಮ್ಯೂಸಿಯಂ ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 'ಐ' (Eye) ಎಂಬ ಹೆಸರಿನಲ್ಲಿದೆ. ವಿದೇಶಿ ಸಂಗ್ರಹಾಲಯಗಳಿಂದ ಸಾರ್ವಜನಿಕ ಪ್ರದರ್ಶನದ ಅನುಮತಿ ಪಡೆದ ಅನುಭವವುಳ್ಳವರು ಅರ್ಜಿಯ ಕ್ರಮವನ್ನೂ ತಗಲಬಹುದಾದ ಶುಲ್ಕವನ್ನೂ ದಯವಿಟ್ಟು ತಿಳಿಸಿಕೊಡಿ. ಮೂಕಿಚಿತ್ರಕ್ಕೆ ನೇರವಾಗಿ ಪಿಯಾನೊ ನುಡಿಸಬಲ್ಲ ಕಲಾವಿದರು ಪರಿಚಯವಿದ್ದರೆ ಅದನ್ನೂ ಇಲ್ಲಿಯೇ ಬರೆಯಬೇಕಾಗಿ ವಿನಂತಿ.