ಪದ ಬೇಕಾಗಿದೆ: ರಾಜಕಾರಣಿಯ ಒಪ್ಪಿಗೆಯನ್ನು ವರದಿ ಮಾಡುವಾಗ ತೀರ್ಪು ಬೆರೆಯದ ಮಾತು

ಮಾನ್ಯರೇ,

ವಿವಾಹದಾಚೆಗಿನ ಸಂಬಂಧವನ್ನು ತಾವೇ ಒಪ್ಪಿಕೊಂಡ ಅಮೆರಿಕದ ರಾಜಕಾರಣಿಗಳನ್ನು ಅಲ್ಲಿನ ಜನ ಹೇಗೆ ಕಂಡರು ಎಂಬ ಲೇಖನವನ್ನು ಮಾಸಪತ್ರಿಕೆಯೊಂದಕ್ಕೆ ಅನುವಾದಿಸುತ್ತಿದ್ದೇನೆ. ಸೋಮವಾರ ಪುಟಗಳು ಅಚ್ಚಿಗೆ ಹೋಗಬೇಕು. ‘ಅಡಲ್ಟರಿ’, ‘ಅಫೇರ್’, ‘ಇನ್‌ಫಿಡೆಲಿಟಿ’ ಮೂರಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ಅನೈತಿಕ ಸಂಬಂಧ’ ಎಂದೇ ಬರೆಯುವ ರೂಢಿಯಿದೆ. ಇಲ್ಲಿ ಅದು ಒಗ್ಗುತ್ತಿಲ್ಲ. 1998ರ ಆಗಸ್ಟ್ 17ರ ರಾತ್ರಿ ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಟಿ.ವಿ.ಯಲ್ಲಿ ಮಾತನಾಡುತ್ತ, ಶ್ವೇತಭವನದಲ್ಲಿ ತರಬೇತಿಗಿದ್ದ ಮೋನಿಕಾ ಲೆವಿನ್‌ಸ್ಕಿ ಅವರೊಂದಿಗಿನ ಸಂಬಂಧ ಉಚಿತವಾದುದಾಗಿರಲಿಲ್ಲ, ವಾಸ್ತವವಾಗಿ ಅದು ತಪ್ಪಾಗಿತ್ತು ಎಂದರು. ಹೀಗೆ ಅಳೆದು ತೂಗಿ ಆಡಿದವರ ಬಾಯಲ್ಲಿ ‘ಅನೈತಿಕ’ ಎಂಬ ಮಾತನ್ನು ಇಡಲು ಮನಸ್ಸು ಒಪ್ಪುವುದಿಲ್ಲ. ಆ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆ ಅವರಿಗೆ ವಾಗ್ದಂಡನೆ ವಿಧಿಸಿದ್ದು ಸುಳ್ಳುಸಾಕ್ಷ್ಯ ಮತ್ತು ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪಗಳ ಮೇಲೆ. ಅದರ ಬೆನ್ನಿಗೇ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 73ರಷ್ಟು ಜನ ಅವರ ಕಾರ್ಯನಿರ್ವಹಣೆಯನ್ನು ಮೆಚ್ಚಿದರು. ಜನರ ತೀರ್ಪೇ ಲೇಖನದ ವಿಷಯವಾಗಿರುವಾಗ, ಅದಕ್ಕೆ ಮೊದಲೇ ಪದವು ತೀರ್ಪು ಕೊಟ್ಟುಬಿಡಬಾರದು. ದಯವಿಟ್ಟು ಸೂಚಿಸಿ.

ಧಾರವಾಡದಿಂದ:

‘ಹಾದರ’ ಇದೆಯಲ್ಲ. ಹಳಗನ್ನಡದ ‘ಪಾದರ’ದ ಪಕಾರ ಹಕಾರವಾಗಿ ಉಳಿದುಬಂದ ಈ ಮಾತಿಗೆ ವಚನಕಾರರು ಹೇಸಲಿಲ್ಲ. ‘ವ್ಯಭಿಚಾರ’, ‘ವಿವಾಹೇತರ’ ಎಲ್ಲವೂ ಎರವಲು. ಮೆದುವಾಗಿ ಹೇಳಲೇಬೇಕೆಂದಿದ್ದರೆ ‘ಮದುವೆಯಾಚೆಯ ನಂಟು’ ಎಂದು ಬರೆಯಿರಿ.

ಮೈಸೂರಿನಿಂದ:

ಆ ‘ಪಾದರ’ವೇ ಸಂಸ್ಕೃತದ ‘ಪಾರದಾರ’ದ ತದ್ಭವವೆಂದು ನಾನು ಬಹುಕಾಲದಿಂದ ವಾದಿಸುತ್ತ ಬಂದಿದ್ದೇನೆ, ಅಚ್ಚಗನ್ನಡವೆಂದು ಎದೆ ತಟ್ಟಿಕೊಳ್ಳುವ ಮೊದಲು ಯೋಚಿಸಬೇಕು. ‘ನಂಟು’ ಎಂದರೆ ನೆಂಟಸ್ತನ. ಇಲ್ಲಿ ಸಲ್ಲದು. ‘ವ್ಯಭಿಚಾರ’ದ ಮೂಲಾರ್ಥ ದಾರಿ ಬಿಟ್ಟು ನಡೆಯುವುದು ಎಂದಷ್ಟೇ. ತರ್ಕದಲ್ಲಿ, ಸಾಧಿಸಬೇಕಾದದ್ದು ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಹೇತುವನ್ನು (ಕಾರಣವನ್ನು) ‘ಸವ್ಯಭಿಚಾರ’ವೆನ್ನುತ್ತಾರೆ, ಗೀತೆಯಲ್ಲಿ ಕದಲದ ಭಕ್ತಿಯನ್ನು ‘ಅವ್ಯಭಿಚಾರಿಣೀ’ ಎಂದಿದೆ. ಇದರಲ್ಲಿ ಬೈಗುಳವೆಲ್ಲಿದೆ?

ಬೆಂಗಳೂರಿನಿಂದ:

ಓದುಗರು ದಿನವೂ ಆಡುವ ಮಾತು ‘ಅಫೇರ್’. ‘ಕಚೇರಿ’ಯನ್ನೂ ‘ಕೋರ್ಟ’ನ್ನೂ ಒಳಗೆ ಬಿಟ್ಟುಕೊಂಡ ಕನ್ನಡಕ್ಕೆ ಇದೊಂದರಿಂದ ಮೈಲಿಗೆಯಾಗುವುದಿಲ್ಲ.

ಧಾರವಾಡದಿಂದ:

ಎರವಲಿಗೆ ಅಗತ್ಯವಿರಬೇಕು. ಇಲ್ಲಿರುವುದು ಅಗತ್ಯವಲ್ಲ, ಸೋಮಾರಿತನ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ‘ಹಾದರ’ವನ್ನು ನಾನು ಬಳಸಲಾರೆ. ‘ಹಾದರಗಿತ್ತಿ’ ಎಂಬ ಬೈಗುಳ ಊರೂರಲ್ಲಿ ಕೇಳುತ್ತದೆ, ‘ಹಾದರಿಗ’ ನಿಘಂಟಿನಲ್ಲೇ ಉಳಿದಿದ್ದಾನೆ. ಆ ಮಾತು ಬಿದ್ದಲ್ಲೆಲ್ಲ ಹೆಣ್ಣಿನ ಮೇಲೆಯೇ ಬೀಳುತ್ತದೆ. ಕ್ಲಿಂಟನ್ ಅಧಿಕಾರ ಉಳಿಸಿಕೊಂಡರು. ಸಂಬಂಧ ಮೊದಲಾದಾಗ 22 ವರ್ಷದವರಾಗಿದ್ದ ಲೆವಿನ್‌ಸ್ಕಿ ಅವರು ವರ್ಷಗಟ್ಟಲೆ ಜನರ ಬಾಯಿಗೆ ಆಹಾರವಾದರು. ಆ ಅನ್ಯಾಯವನ್ನು ಕನ್ನಡದಲ್ಲಿ ಇನ್ನೊಮ್ಮೆ ಮಾಡುವುದು ನನಗೆ ಬೇಡ.

‘ವ್ಯಭಿಚಾರ’ದ ಮೂಲಾರ್ಥ ಏನೇ ಇರಲಿ, ಇಂದಿನ ಪತ್ರಿಕಾಭಾಷೆಯಲ್ಲಿ ಅದು ವೇಶ್ಯಾವಾಟಿಕೆಗೂ ಸಲ್ಲುತ್ತದೆ. 2008ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಎಲಿಯಟ್ ಸ್ಪಿಟ್ಜರ್ ಅವರು ವೇಶ್ಯಾವಾಟಿಕೆಯೊಂದರ ಗಿರಾಕಿಯೆಂದು ಬಯಲಾಗಿ ಹುದ್ದೆ ತೊರೆದರು. ಅವರ ಜಾಗಕ್ಕೆ ಬಂದ ಡೇವಿಡ್ ಪ್ಯಾಟರ್ಸನ್ ಅವರು ಪ್ರಮಾಣವಚನ ಸ್ವೀಕರಿಸಿದ ಮರುದಿನವೇ, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತಮ್ಮಿಬ್ಬರಿಗೂ ಹಿಂದೆ ಬೇರೆ ಸಂಬಂಧಗಳಿದ್ದವೆಂದು ಹೇಳಿಯೂ ಅವಧಿ ಮುಗಿಯುವವರೆಗೆ ಹುದ್ದೆಯಲ್ಲಿದ್ದರು. ಇಬ್ಬರಿಗೂ ‘ವ್ಯಭಿಚಾರ’ವೆಂದೇ ಬರೆದರೆ ಒಬ್ಬರು ಹೋದದ್ದೇಕೆ, ಇನ್ನೊಬ್ಬರು ಉಳಿದದ್ದೇಕೆ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಒಂದೇ ಒಂದು ಕಡೆ ‘ವ್ಯಭಿಚಾರ’ವನ್ನು ಉಳಿಸಿಕೊಳ್ಳುತ್ತೇನೆ. 1976ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಜಿಮ್ಮಿ ಕಾರ್ಟರ್ ಅವರು ತಾವು ಮನಸ್ಸಿನಲ್ಲಿ ಅನೇಕ ಸಲ ಆ ಪಾಪ ಮಾಡಿರುವುದಾಗಿ ಸಂದರ್ಶನದಲ್ಲಿ ಹೇಳಿ, ದೊಡ್ಡ ಗದ್ದಲವೆದ್ದರೂ ಗೆದ್ದರು. ಅವರ ಮಾತಿನ ಹಿಂದೆ ಮತ್ತಾಯನ ಸುವಾರ್ತೆಯಿದೆ, ಕನ್ನಡ ಬೈಬಲ್ಲಿನಲ್ಲಿ ಅಲ್ಲಿರುವ ಪದ ‘ವ್ಯಭಿಚಾರ’ವೇ.

ಉಳಿದೆಡೆ ದಾರಿ ತೋರಿಸಿದ್ದು ಸೌತ್ ಕ್ಯಾರೊಲಿನಾದ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ಅವರ ಮಾತು. ಬೆಟ್ಟದ ಹಾದಿಯಲ್ಲಿ ಚಾರಣಕ್ಕೆ ಹೋಗಿದ್ದಾರೆಂದು ಅವರ ಸಿಬ್ಬಂದಿ ಹೇಳುತ್ತಿದ್ದಾಗ ಅವರು ಅರ್ಜೆಂಟೀನಾದಲ್ಲಿದ್ದರು. ಮರಳಿ ಬಂದು 2009ರ ಜೂನ್ 24ರಂದು, ಹೆಂಡತಿಗೆ ನಿಷ್ಠನಾಗಿ ಉಳಿಯಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. 2013ರಲ್ಲಿ ಅದೇ ರಾಜ್ಯದ ಮತದಾರರು ಅವರನ್ನು ಸಂಸತ್ತಿಗೆ ಕಳುಹಿಸಿದರು. ಆದ್ದರಿಂದ ‘ದಾಂಪತ್ಯನಿಷ್ಠೆ ಮೀರಿದರು’ ಎಂದು ಬರೆಯುತ್ತೇನೆ. ಯಾರು ಮೀರಿದರೆಂಬುದು ಕ್ರಿಯಾಪದದಲ್ಲೇ ಇರುತ್ತದೆ. ಆ ಇನ್ನೊಬ್ಬರಿಗೆ ಹೆಸರು ಅಂಟುವುದಿಲ್ಲ.

ಮೈಸೂರಿನಿಂದ:

ಒಪ್ಪಬಹುದು. ‘ಮದುವೆನಿಷ್ಠೆ’ ಎಂದು ಮಾತ್ರ ತಿದ್ದಲು ಹೋಗಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸವಾಗುತ್ತದೆ.

ಧಾರವಾಡದಿಂದ:

ಕ್ರಿಯಾಪದ ಶೀರ್ಷಿಕೆಗೆ ಒದಗುವುದಿಲ್ಲ. ಅಲ್ಲಿ ಏನು ಮಾಡುವಿರಿ?

ಪ್ರಶ್ನೆ ಕೇಳಿದವರಿಂದ:

‘ಒಪ್ಪಿಕೊಂಡವರು ಮತ್ತು ಮತದಾರರು’ ಎಂದು ಸಂಪಾದಕರಿಗೆ ಕಳುಹಿಸಿದ್ದೇನೆ.