ಕಳ್ಳಸಾರಾಯಿಯಿಂದ ಮಂಜಾದ ಕಣ್ಣಿಗೆ ಇಂಜೆಕ್ಷನ್ ಕೊಡಿಸಬಹುದಾ?

ಪ್ರಶ್ನೆ (ತಾಳವಾಡಿಯಿಂದ): ಡಾಕ್ಟ್ರೇ, ನಮ್ಮ ಭಾವ ನಾಲ್ಕು ತಿಂಗಳ ಹಿಂದೆ ಕಳ್ಳಸಾರಾಯಿ ಕುಡಿದಿದ್ದರು. ಮಾರನೇ ದಿನ ವಾಂತಿ, ಏದುಸಿರು, ಕಣ್ಣು ಮಂಜು. ಡಯಾಲಿಸಿಸ್ ಮಾಡಿ ಜೀವ ಉಳಿಸಿದರು. ಮೊದಲು ಸ್ವಲ್ಪ ಕಾಣತೊಡಗಿತ್ತು, ಆಮೇಲೆ ಮತ್ತೆ ಇಳಿಯಿತು. ಈಗ ಎದುರಿಗಿರುವವರ ಮುಖ ಕಾಣಲ್ಲ. ಪಕ್ಕದಲ್ಲಿ ಓಡಾಡಿದರೆ ಗೊತ್ತಾಗುತ್ತದೆ. ಇಂಜೆಕ್ಷನ್ ಕೊಟ್ಟರೆ ನರ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಹೊಲ ಅಡವಿಟ್ಟಾದರೂ ಕೊಡಿಸಬೇಕು ಅಂತಾಳೆ ಅಕ್ಕ.

ಉತ್ತರ (ಕಣ್ಣಿನ ಡಾಕ್ಟರ್): ದಯವಿಟ್ಟು ಹೊಲ ಅಡವಿಡಬೇಡಿ ಅಂತ ಅಕ್ಕನಿಗೆ ಹೇಳಿ. ಇಂಥ ಕಳ್ಳಸಾರಾಯಿಯಲ್ಲಿ ಬೆರೆತಿರುವ ಮೆಥನಾಲ್ ಅನ್ನುವ ವಿಷದ ಮದ್ಯಸಾರ ಲಿವರಿನಲ್ಲಿ ಫಾರ್ಮಿಕ್ ಆ್ಯಸಿಡ್ ಆಗುತ್ತದೆ. ಅದು ಕಣ್ಣಿನ ನರದ ಜೀವಕೋಶಗಳಿಗೆ ಉಸಿರಾಡಲು ಬಿಡುವುದಿಲ್ಲ. ಸ್ಟೀರಾಯ್ಡ್, ಎರಿಥ್ರೋಪೊಯಿಟಿನ್ ಇಂಜೆಕ್ಷನ್‌ಗಳನ್ನು ಆರಂಭದ ದಿನಗಳಲ್ಲಿ ಕೊಟ್ಟು ನೋಡಿದ್ದಾರೆ. ಕೆಲವರಿಗೆ ಗುಣ ಕಂಡಿದೆ, ಆದರೆ ಗಟ್ಟಿ ಪುರಾವೆ ಇಲ್ಲ. ನಾಲ್ಕು ತಿಂಗಳಾಗಿ ನರ ಬಿಳಿಚಿಕೊಂಡಿದ್ದರೆ ಅವುಗಳಿಂದ ನೋಟ ಮರಳುತ್ತದೆ ಅಂತ ನಾನು ಹೇಳಲಾರೆ.

ಆದರೂ ಒಂದು ವಿಷಯ ನೋಡಲೇಬೇಕು. ಕುಡಿತದವರಲ್ಲಿ ಬಿ12, ಫೋಲಿಕ್ ಆ್ಯಸಿಡ್ ಕಡಿಮೆ ಇರುವುದು ಜಾಸ್ತಿ. ಅದರಿಂದಲೂ ಇದೇ ನರ ಸೊರಗುತ್ತದೆ, ಆ ಪಾಲನ್ನು ಸರಿಪಡಿಸಬಹುದು. ರಕ್ತಪರೀಕ್ಷೆ ಮಾಡಿಸಿ. ಬೀಡಿ, ಕುಡಿತ ಎರಡೂ ಪೂರ್ತಿ ನಿಲ್ಲಲಿ.

ಇನ್ನೊಬ್ಬರು (ಹೊಸೂರು): ಸರ್, ಇಂಥವರಿಗೆ ತಕ್ಷಣ ಬ್ರಾಂದಿ ಕುಡಿಸಿದರೆ ವಿಷ ಇಳಿಯುತ್ತೆ ಅಂತಾರಲ್ಲ, ನಿಜವಾ?

ಉತ್ತರ: ಮನೆಯಲ್ಲಿ ಖಂಡಿತ ಬೇಡ. ಬ್ರಾಂದಿಯಲ್ಲಿರುವ ಮಾಮೂಲಿ ಮದ್ಯಸಾರ, ಅಂದರೆ ಎಥನಾಲ್ ಇದ್ದರೆ ಲಿವರ್ ಮೊದಲು ಅದನ್ನೇ ಕರಗಿಸುತ್ತದೆ, ಮೆಥನಾಲ್ ವಿಷವಾಗುವುದನ್ನು ಅದು ತಡೆಯುತ್ತದೆ. ಅದಕ್ಕೇ ಫೊಮೆಪಿಜೋಲ್ ಅನ್ನುವ ವಿಷಹಾರಿ ಮದ್ದು ಸಿಗದ ಕಡೆ ಆಸ್ಪತ್ರೆಯಲ್ಲಿ ಎಥನಾಲ್ ಕೊಡುತ್ತಾರೆ. ಆದರೆ ರಕ್ತದಲ್ಲಿ ಅದರ ಅಳತೆ ಗಂಟೆಗಂಟೆಗೂ ನೋಡಬೇಕು. ಜೊತೆಗೆ ಸೋಡಾ ಬೈಕಾರ್ಬನೇಟ್, ಫೋಲಿನಿಕ್ ಆ್ಯಸಿಡ್, ಡಯಾಲಿಸಿಸ್ ಬೇಕು. ಮನೆಯಲ್ಲಿ ಕುಡಿಸಿದರೆ ಪ್ರಜ್ಞೆ ತಪ್ಪಬಹುದು, ಹೊತ್ತೂ ಹಾಳು.

2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಇಂಥದ್ದೇ ಕಳ್ಳಸಾರಾಯಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು ಅಲ್ವಾ? ತೊಂದರೆ ಕಾಣಿಸಲು 12ರಿಂದ 24 ಗಂಟೆ ಹಿಡಿಯಬಹುದು, ಒಳ್ಳೆ ಮದ್ಯವನ್ನೂ ಕುಡಿದಿದ್ದರೆ ಇನ್ನೂ ತಡ. ಹಾಗಾಗಿ ಒಬ್ಬರಿಗೆ ಕಣ್ಣು ಮಂಜಾದರೆ, ಜೊತೆಗೆ ಕುಡಿದವರೆಲ್ಲ ಚೆನ್ನಾಗಿದ್ದರೂ ಆಗಲೇ ಆಸ್ಪತ್ರೆಗೆ ಹೋಗಬೇಕು. ಪೊಲೀಸ್ ಭಯಕ್ಕೆ ಕುಡಿದದ್ದನ್ನು ಮುಚ್ಚಿಡಬೇಡಿ, ಡಾಕ್ಟರಿಗೆ ಹೊಳೆಯುವುದೇ ತಡವಾಗುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಭಾವನಿಗೆ ಇನ್ನೇನೂ ಇಲ್ವಾ ಡಾಕ್ಟ್ರೇ?

ಉತ್ತರ: ಇದೆ. ಪಕ್ಕದ ನೋಟ ಉಳಿದಿದೆಯಲ್ಲ, ಅದನ್ನೇ ಬಳಸಲು ಕಲಿಸುತ್ತಾರೆ. ಕೊಯಮತ್ತೂರು ಅಥವಾ ಮೈಸೂರಿನಲ್ಲಿ ಲೋ ವಿಷನ್ (ಮಂದದೃಷ್ಟಿ) ವಿಭಾಗ ಇರುವ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ. ಭೂತಗನ್ನಡಿ, ಮಾತಾಡುವ ಫೋನ್, ಕೋಲು ಹಿಡಿದು ಓಡಾಡುವ ಅಭ್ಯಾಸ, ಎಲ್ಲ ಹೇಳಿಕೊಡುತ್ತಾರೆ. ಅಂಗವಿಕಲರ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ವಿಳಾಸ ತಾಳವಾಡಿಯದ್ದಾದರೆ ಈರೋಡ್ ಜಿಲ್ಲೆಗೆ ಅರ್ಜಿ ಹಾಕಬಹುದು, ಇಲ್ಲವೇ ಚಿಕಿತ್ಸೆ ಮಾಡಿಸಿದ ಸರ್ಕಾರಿ ಆಸ್ಪತ್ರೆಗೂ ಹಾಕಬಹುದು. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.